ಇದರಲ್ಲಿ ಆಕಾಶವಾಣಿ ಹಿಡೀತದಾ?

ತಿರುಗುವಂಥದ್ದು ಏನೇ ಕಣ್ಣಿಗೆ ಬಿದ್ದರೂ ಒಮ್ಮೆ ತಿರುಗಿಸಿ ನೋಡಲೇಬೇಕು ಅನ್ನುವವರು ಕೆಲವರಿರುತ್ತಾರೆ. ಗ್ಯಾಸ್ ರೆಗ್ಯುಲೇಟರ್, ಫ್ಯಾನಿನ ಸ್ಪೀಡು, ಬೇರೆಯವರ ಮನೆ ನಲ್ಲಿ. ನಮ್ಮ ಕಾಕಾ ಆ ಪೈಕಿ. ನಿನ್ನೆ ರಾತ್ರಿ ಗೋವಾದ ದಾಬೋಲಿಮ್‌ನಲ್ಲಿ ಇಳಿಯಬೇಕಾಗಿದ್ದ ನನ್ನ ವಿಮಾನ ಜುವಾರಿ ನದಿ ಪಾಲಾಗಿದ್ದಕ್ಕೆ ಅವರ ಎರಡು ಬೆರಳೇ ಕಾರಣ. ವಿಮಾನ ಇಳಿಯಲಿಲ್ಲ, ನನ್ನ ಸಿಟ್ಟೂ ಇಳಿದಿಲ್ಲ.

ವಿಮಾನ ಅಂದ ಕೂಡಲೇ ಗಾಬರಿಯಾಗಬೇಡಿ. ಕಾರವಾರದಲ್ಲಿ ನಮ್ಮಂಥವರು ಹತ್ತುವ ವಿಮಾನ ಎಲ್ಲಿದೆ? ಟಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೇ ಟುಪೊಲೆವ್ ಒಂದನ್ನು ನಿಲ್ಲಿಸಿದ್ದಾರೆ, ಅದಕ್ಕೆ ಹಾರುವ ಯೋಚನೆಯಂತೂ ಇಲ್ಲ. ಹಾಗಾಗಿ ನಾನು ಹಿಂದಿನ ಕೋಣೆಯಲ್ಲಿ, ಅಕ್ಕಿ ಡಬ್ಬದ ಪಕ್ಕ, ಪ್ಲೈವುಡ್ಡಿನಲ್ಲಿ ಸೆಸ್ನಾ 172 ಅನ್ನುವ ಪುಟ್ಟ ವಿಮಾನದ ಕಾಕ್‌ಪಿಟ್ ಕಟ್ಟಿಕೊಂಡಿದ್ದೇನೆ. ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಹಾರಾಟ. ಇಲ್ಲಿಂದ ದಾಬೋಲಿಮ್‌ಗೆ ನೇರ ಹಾರಿದರೆ 70 ಕಿಲೋಮೀಟರ್ ಆಸುಪಾಸು. ಸೆಸ್ನಾದಲ್ಲಿ ಇಪ್ಪತ್ತು ನಿಮಿಷ. ಹೆದ್ದಾರಿಯಲ್ಲಿ ಎಷ್ಟಾಗುತ್ತದೆ ಅಂತ ನಿಮಗೂ ಗೊತ್ತು, ಸುಮ್ನೆ ಬೇಜಾರು ಬೇಡ.

ಈ ಕಾಕ್‌ಪಿಟ್‌ಗೆ ಒಂದು ಜಿಪಿಎಸ್ ಬೇಕಾಯಿತು. ಗಾರ್ಮಿನ್ ಜಿಎನ್‌ಎಸ್ 530 ಅಂತ ಸಣ್ಣ ವಿಮಾನಗಳಲ್ಲಿ ಇರುತ್ತದಲ್ಲ, ಅದು. ನಿಜವಾದದ್ದು ಹಳೆಯದೇ ಸಿಕ್ಕರೂ ಲಕ್ಷಗಟ್ಟಲೆ. ಮನೆಯಲ್ಲೇ ಮಾಡಿದರೆ ಐದು ಇಂಚಿನ ಒಂದು ಪರದೆ, ಆರ್ಡುಯಿನೊ ಅನ್ನುವ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು, ಒಂದಿಷ್ಟು ಬಟನ್, ಎರಡು ಜೋಡಿ ನಾಬ್ ಸಾಕು. ಸಿಮ್ಯುಲೇಟರ್ ತೋರಿಸುವ ಜಿಪಿಎಸ್ ಚಿತ್ರವನ್ನು ಎಳೆದು ಈ ಪುಟ್ಟ ಪರದೆಗೆ ಹಾಕುವುದು. ಬಟನ್ ಒತ್ತಿದರೆ ಬೋರ್ಡು ಅದನ್ನು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಅಷ್ಟೇ. ಅಸಲಿ ಜಿಪಿಎಸ್‌ಗೆ ತಾನಿರುವ ಜಾಗ ಗೊತ್ತಾಗಬೇಕಾದರೆ 20 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕು ಸಿಗಬೇಕು. ನನ್ನದಕ್ಕೆ ಒಂದೂ ಬೇಡ. ವಿಮಾನ ಎಲ್ಲಿದೆ ಅಂತ ಸಿಮ್ಯುಲೇಟರಿಗೆ ಮೊದಲೇ ಗೊತ್ತು. ಉಪಗ್ರಹ ಬೇಕಾಗಿದ್ದು ನಾಬ್ ತಂದ ಕೊರಿಯರ್ ಹುಡುಗನಿಗೆ. ಲೊಕೇಶನ್ ಕಳಿಸಿದ್ದರೂ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋಗಿ, ಅಲ್ಲಿಂದ ಫೋನ್ ಮಾಡಿ, "ಸರ್, ನಿಮ್ಮ ಮನೆ ಇಲ್ಲಿಲ್ಲ" ಎಂದ.

ಮುಂದಿನ ಫಲಕವನ್ನು ನಂಬರ್ ಪ್ಲೇಟ್ ಮಾಡುವ ಅಂಗಡಿಯಲ್ಲಿ ಅಕ್ರಿಲಿಕ್‌ನಲ್ಲಿ ಕೊರೆಸಿದೆ. ಬಟನ್ನಿನ ಹೆಸರುಗಳ ಚೀಟಿ ಕೊಟ್ಟಾಗ ಅವನು 'ಇಎನ್‌ಟಿ' ಓದಿ, "ಡಾಕ್ಟರ್ ಹೆಸರು ಬೇಡ್ವಾ?" ಎಂದು ಕೇಳಿದ. ಎಂಟರ್ ಬಟನ್ ಮಾರಾಯ, ಕಿವಿ ಮೂಗು ಗಂಟಲಿನದ್ದಲ್ಲ ಎಂದು ತಿಳಿಹೇಳಬೇಕಾಯಿತು.

ನಿಜವಾದ ತಲೆನೋವು ನಾಬ್‌ಗಳದ್ದು. ಒಂದರ ಮೇಲೊಂದು ಕೂತ ಎರಡು ನಾಬ್. ದೊಡ್ಡದನ್ನು ತಿರುಗಿಸಿದರೆ ಕರ್ಸರ್ ಮುಂದಿನ ಮನೆಗೆ ಹೋಗುತ್ತದೆ, ಸಣ್ಣದನ್ನು ತಿರುಗಿಸಿದರೆ ಅಕ್ಷರ ಬದಲಾಗುತ್ತದೆ. ಒಂದೊಂದು 'ಟಕ್'ಗೆ ಒಂದೊಂದು ಅಕ್ಷರ ಅಂತ ಲೆಕ್ಕ. ಆದರೆ ನಮ್ಮೂರ ಉಪ್ಪು ಗಾಳಿಗೆ ಕಿಟಕಿ ಗ್ರಿಲ್ಲೇ ಉಳಿಯುವುದಿಲ್ಲ, ಇನ್ನು ಈ ತೆಳ್ಳನೆ ತಗಡಿನ ಕಾಂಟ್ಯಾಕ್ಟ್ ಉಳಿಯುತ್ತದಾ? ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕಾಲುಗಳೆಲ್ಲ ಹಸಿರು. ಒಂದು 'ಟಕ್'ಗೆ ಎರಡು ಅಕ್ಷರ ಹಾರತೊಡಗಿತು. ಸಣ್ಣ ಕೆಪಾಸಿಟರ್ ಬೆಸೆದು ನೋಡಿದೆ, ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ದಾಬೋಲಿಮ್‌ನ ಸಂಕೇತ ವಿ-ಓ-ಜಿ-ಓ. ಹುಬ್ಬಳ್ಳಿಯದ್ದು ವಿ-ಓ-ಎಚ್-ಬಿ. 'ಜಿ' ತಪ್ಪಿ 'ಎಚ್' ಬಿತ್ತೋ, ಕೊನೆಯ ಅಕ್ಷರ ತಾನೇ ತುಂಬಿಕೊಂಡು, ಜಿಪಿಎಸ್ ಯಾವ ಮುಲಾಜೂ ಇಲ್ಲದೆ ಗೋವಾ ಬಿಟ್ಟು ಘಟ್ಟದ ಕಡೆ ಗೆರೆ ಎಳೆಯುತ್ತದೆ. ಒಳ್ಳೆ ಆಸ್ಪತ್ರೆ ಬೇಕಾದಾಗ ನಾವು ನಿಂತು ಯೋಚಿಸುವುದೂ ಅದನ್ನೇ, ಗೋವಾನೋ ಹುಬ್ಬಳ್ಳಿಯೋ. ಯಂತ್ರಕ್ಕೂ ಕಾರವಾರದ ನೀರು ಹತ್ತಿದೆ.

ಇಷ್ಟೆಲ್ಲ ಸಂಭಾಳಿಸಿಕೊಂಡು ನಿನ್ನೆ ಇಳಿಯುವ ಹಂತಕ್ಕೆ ಬಂದಿದ್ದೆ. ಚಹಾ ಲೋಟ ಹಿಡಿದು ಕಾಕಾ ಒಳಗೆ ಬಂದರು. ಫಲಕ ನೋಡಿದರು. ಎಡಗಡೆ ನಾಬ್ ನೋಡಿದರು. ಲೋಟವನ್ನು ಎಡಗೈಗೆ ದಾಟಿಸಿಕೊಂಡರು. ನನ್ನ ಎದೆ ಧಸಕ್ಕೆಂದಿತು.

"ರೇಡಿಯೋ ಚಲೋ ಮಾಡಿದ್ದೆ. ಇದರಲ್ಲಿ ಆಕಾಶವಾಣಿ ಹಿಡೀತದಾ?"

"ಕಾಕಾ, ಅದು ಜಿಪಿಎಸ್."

"ಮತ್ತೆ ನಂಬರ್ ಬರ್ತದಲ!"

ಹೊಟ್ಟೆ ಉರಿಯುವುದು ಇಲ್ಲೇ. ಅವರು ಹೇಳಿದ್ದು ತಪ್ಪಲ್ಲ. ಈ 530ರಲ್ಲಿ ಜಿಪಿಎಸ್ ಜೊತೆ ರೇಡಿಯೋನೂ ಇದೆ. ಕಂಟ್ರೋಲ್ ಟವರ್ ಜೊತೆ ಮಾತಾಡಲು 118ರಿಂದ ಮೇಲೆ, ದಾರಿ ತೋರಿಸುವ ಸಿಗ್ನಲ್‌ಗಳಿಗೆ 108ರಿಂದ 118ರ ತನಕ. ನಾವು ಹಾಡು ಕೇಳುವ ಎಫ್‌ಎಂ 108ಕ್ಕೆ ಮುಗಿಯುತ್ತದೆ. ಕಾರವಾರ ಆಕಾಶವಾಣಿ 102.3. ಅಂದರೆ ಪಕ್ಕದ ಕೇರಿ, ನಡುವೆ ಒಂದು ಬೇಲಿ. ಕಾಕಾ ಆ ಬೇಲಿ ಹಾರಲು ನಿಂತರು. 110, 109, 108. ಇನ್ನೊಂದು ಟಕ್, 117. ಮತ್ತೆ ಇಳಿಸಿದರು. 109, 108, 117. ನಡುವೆ ಪಕ್ಕದ ಬಟನ್ ಒತ್ತಿ ಆ ನಂಬರನ್ನು ಚಾಲ್ತಿಗೂ ತಂದುಬಿಟ್ಟರು.

"ಕೆಳಗೇ ಹೋಗ್ತಿಲ್ಲಲ ಇದು. 108 ಅಂದ್ರೆ ಆಂಬುಲೆನ್ಸ್ ಅಲ್ವಾ?"

ಆಂಬುಲೆನ್ಸೇ ಬೇಕಾಗಿತ್ತು. ರನ್‌ವೇಗೆ ದಾರಿ ತೋರಿಸುವ ಸಿಗ್ನಲ್ ಅದೇ ನಂಬರುಗಳ ನಡುವೆ ಇತ್ತು. ಅದು ತಪ್ಪಿದ್ದೇ ಸೂಜಿ ಸತ್ತುಹೋಯಿತು, ಕೆಂಪು ಪಟ್ಟಿ ಬಂತು. ಮೋಡದ ನಡುವೆ ನಾನು ಕುರುಡ. ಕಾಕಾ ಮಾತ್ರ ತಲೆ ಓರೆ ಮಾಡಿ, ಕಿವಿ ಪರದೆಗೆ ಹತ್ತಿರ ತಂದು, ಕಣ್ಣು ಅರ್ಧ ಮುಚ್ಚಿ ತಿರುಗಿಸುತ್ತಲೇ ಇದ್ದರು. ವಿಮಾನ ನೀರಿಗೆ ಬಿದ್ದ ಸದ್ದು ಕೇಳಿ, "ಹಾಂ, ಏನೋ ಹಿಡೀತು" ಎಂದರು.

ಆ ಓರೆ ತಲೆಯ ಕಥೆ ಆಮೇಲೆ ಅವರೇ ಹೇಳಿದರು. ಬೈತಖೋಲದಿಂದ ಬೋಟಿಗೆ ಹೋಗುತ್ತಿದ್ದ ಕಾಲದಲ್ಲಿ ಇವರ ಹತ್ತಿರ ಇದ್ದಿದ್ದು ಒಂದು ಟ್ರಾನ್ಸಿಸ್ಟರ್. ಮಂಜು ಕವಿದು ದಡ ಕಾಣದ ರಾತ್ರಿ ಪಣಜಿ ಸ್ಟೇಷನ್ ಹಿಡಿದು, ಪೆಟ್ಟಿಗೆಯನ್ನೇ ಮೆಲ್ಲಗೆ ತಿರುಗಿಸುತ್ತಾ ಹೋಗುವುದು. ಸದ್ದು ಒಮ್ಮೆ ತೀರಾ ಕ್ಷೀಣಿಸುತ್ತದೆ. ಆಗ ಪೆಟ್ಟಿಗೆಯ ಉದ್ದ ಯಾವ ಕಡೆ ಇದೆಯೋ ಆ ಗೆರೆಯ ಮೇಲೆ ಪಣಜಿ. ಒಳಗೆ ಸಿಗ್ನಲ್ ಹಿಡಿಯುವ ಫೆರೈಟ್ ಕಡ್ಡಿಯ ಗುಣ ಅದು, ನಾನು ಓದಿ ತಿಳಿದದ್ದು. ಕಾಕಾ ಕಿವಿಯಿಂದ ತಿಳಿದದ್ದು. "ಹಾಡು ನಿಂತ್ರೆ ದಿಕ್ಕು ಸಿಕ್ತು ಅಂತ" ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆ ಪೆಟ್ಟಿಗೆ ಏನಾಯ್ತು ಅಂತ ಕೇಳಿದೆ. ಉಪ್ಪಿಗೆ ಹೋಯ್ತು ಎಂದರು.

ಕೇಳಿ ಮನಸ್ಸು ಕರಗಿತು, ನಿಜ. ಆದರೂ ಇವತ್ತು ಬೆಳಿಗ್ಗೆ ಆ ನಾಬ್ ಮೇಲೆ ಶ್ರೀಖಂಡದ ಖಾಲಿ ಡಬ್ಬಿ ಕವುಚಿ ಟೇಪ್ ಹಚ್ಚಿದ್ದೇನೆ. ಆಯಿ ನೋಡಿ, "ಹಿರಿಯರಿಗೆ ಹೀಗೆಲ್ಲ ಮಾಡ್ತಾರಾ?" ಎಂದು ಬೈದಳು. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ಕೆಳಗಿನ ಕೆಂಪು ನಾಬ್ ಮೇಲೆ ಬಿದ್ದಿತ್ತು. ಸೆಸ್ನಾದಲ್ಲಿ ಅದನ್ನು ಹೊರಗೆ ಎಳೆದರೆ ಪೆಟ್ರೋಲ್ ನಿಂತು ಎಂಜಿನ್ ಬಂದ್ ಆಗುತ್ತದೆ.

"ಇದು ವಾಲ್ಯೂಮಾ?" ಎಂದರು.