ಮಸ್ಜಿದ್ ಸ್ಟೇಷನ್ನಿನ ಹೆಸರೊಳಗಿನ ಸಿನಗಾಗ್

ಇಪ್ಪತ್ತೆರಡು ವರ್ಷದಿಂದ ಮುಂಬೈನ ಸೆಂಟ್ರಲ್ ಲೈನಿನಲ್ಲಿ ಓಡಾಡುತ್ತಿದ್ದೇನೆ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಬಿಟ್ಟರೆ ಮೊದಲ ಸ್ಟೇಷನ್ನೇ ಮಸ್ಜಿದ್. ಹತ್ತಿರದಲ್ಲೆಲ್ಲೋ ದೊಡ್ಡ ಮಸೀದಿ ಇದೆ, ಅದಕ್ಕೇ ಈ ಹೆಸರು ಅಂದುಕೊಂಡಿದ್ದೆ. ಕಳೆದ ಭಾನುವಾರ ಮುಂಬೈನ ಯಹೂದಿಗಳ ಜಾಗಗಳನ್ನು ತೋರಿಸುವ ಟೂರಿಗೆ ಹೋದಾಗ ಬೇರೆಯೇ ಕಥೆ ಕೇಳಿದೆ. ಅವತ್ತಿನಿಂದ ಮನಸ್ಸು ಅಲ್ಲೇ ಸುತ್ತುತ್ತಿದೆ.

ಶುರುವಾದದ್ದು ಕಾಲಾ ಘೋಡಾದ ಕೆನೆಸೆತ್ ಎಲಿಯಾಹೂ ಸಿನಗಾಗಿನಿಂದ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಿಂದ. ಜೇಕಬ್ ಸಸೂನ್ ತಮ್ಮ ತಂದೆ ಎಲಿಯಾಸ್ ನೆನಪಿಗೆ 1884ರಲ್ಲಿ ಕಟ್ಟಿಸಿದ್ದು. ಹೊರಗೆ ಪೊಲೀಸ್ ಕಾವಲು, ಗುರುತಿನ ಚೀಟಿ ತೋರಿಸಿದ ಮೇಲೇ ಒಳಗೆ ಬಿಡುತ್ತಾರೆ. 2008ರ ನವೆಂಬರಿನಲ್ಲಿ ಕೊಲಾಬಾದ ಯಹೂದಿ ಕೇಂದ್ರ ನರಿಮನ್ ಹೌಸ್‌ನಲ್ಲಿ ಉಗ್ರರ ದಾಳಿಯಲ್ಲಿ ಏನಾಯಿತು ಎಂದು ಕಂಡ ಊರಿದು, ಯಾರೂ ಗೊಣಗಲಿಲ್ಲ. ಗಂಡಸರು ತಲೆಗೆ ಟೋಪಿ ಹಾಕಿಕೊಂಡು ಒಳಗೆ ಹೋದೆವು. ಬಣ್ಣದ ಗಾಜಿನಿಂದ ಇಳಿದ ಬೆಳಕು ಬೆಂಚುಗಳ ಮೇಲೆ ಬಿದ್ದಿತ್ತು. ಮೇಲೆ ಹೆಂಗಸರು ಕೂರುವ ಗ್ಯಾಲರಿ. ಬಹಳ ವರ್ಷ ನೀಲಿಯಾಗಿದ್ದ ಕಟ್ಟಡವನ್ನು ದುರಸ್ತಿ ಮಾಡಿ 2019ರಲ್ಲಿ ಮತ್ತೆ ತೆರೆದರು. ನಿಜಕ್ಕೂ ಚೆಂದದ ಕೆಲಸ.

ಅಲ್ಲಿಂದ ಡೇವಿಡ್ ಸಸೂನ್ ಲೈಬ್ರರಿ, ಸಸೂನ್ ಡಾಕ್, ಬೈಕಲಾದಲ್ಲಿ ಡೇವಿಡ್ ಸಸೂನ್ 1864ರಲ್ಲಿ ಕಟ್ಟಿಸಿದ ಮಾಗೆನ್ ಡೇವಿಡ್ ಸಿನಗಾಗ್. ಎಲ್ಲಿ ಹೋದರೂ ಸಸೂನ್. ಬಾಗ್ದಾದಿನಿಂದ ಬಂದು ಮುಂಬೈನಲ್ಲಿ ಬೆಳೆದ ಆ ಮನೆತನ ಊರಿಗೆ ಕೊಟ್ಟದ್ದು ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಆ ಸಂಪತ್ತಿನ ದೊಡ್ಡ ಪಾಲು ಚೀನಾಕ್ಕೆ ಸಾಗಿಸಿದ ಅಫೀಮಿನಿಂದ ಬಂದದ್ದು. ಟೂರಿನವರು ಕೈಗೆ ಕೊಟ್ಟ ಚೀಟಿಯಲ್ಲಿ ‘ಹತ್ತಿ ವ್ಯಾಪಾರ’ ಅಂತಷ್ಟೇ ಇತ್ತು. ಹಾಗೆ ಬರೆಯಬಾರದು. ದಾನವನ್ನು ಹೇಳುವ ಬಾಯಲ್ಲೇ ಹಣ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು.

ನನ್ನ ನಿಜವಾದ ತಕರಾರು ಬೇರೆ. ನಮ್ಮ ಗೈಡ್ ಆಗಿದ್ದವರು ಬೆನೆ ಇಸ್ರೇಲ್ ಎಂಬ ಕೊಂಕಣದ ಯಹೂದಿ ಸಮುದಾಯದ ಹಿರಿಯ ಹೆಂಗಸು, ಮನೆಮಾತು ಮರಾಠಿ. ಅವರ ಜನರ ಜಾಗಕ್ಕೆ ಟೂರಿನಲ್ಲಿ ಸಿಕ್ಕಿದ್ದು ಕಾಲು ಗಂಟೆ! ಹಡಗು ಒಡೆದು ಅಲಿಬಾಗ್ ಹತ್ತಿರದ ನವಗಾಂವ್ ದಡ ಸೇರಿದ ಏಳು ಜೋಡಿಗಳ ಸಂತಾನ ತಾವು ಎಂದು ಬೆನೆ ಇಸ್ರೇಲರು ನಂಬುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದವರು. ಯಹೂದಿಗಳಿಗೆ ಶನಿವಾರ ಕೆಲಸ ಬಿಡುವ ದಿನ, ಅವತ್ತು ಗಾಣ ನಿಲ್ಲಿಸುತ್ತಿದ್ದರು, ಹಾಗಾಗಿ ಊರವರು ಕರೆದದ್ದು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಅಂತ. ಅಡ್ಡಹೆಸರುಗಳೂ ಊರಿನವೇ: ಪೇಣದವರು ಪೇಣಕರ್, ರೋಹಾದವರು ರೋಹೇಕರ್. ‘ಬೂಟ್ ಪಾಲಿಶ್’ ಹಿಂದಿ ಸಿನಿಮಾದ ನಟ ಡೇವಿಡ್ ನೆನಪಿದ್ದಾರಲ್ಲ? ಅವರು ಚೇವುಲ್‌ಕರ್.

ಈಗ ಸ್ಟೇಷನ್ನಿನ ಕಥೆಗೆ ಬರುತ್ತೇನೆ. ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎಂಬ ಬೆನೆ ಇಸ್ರೇಲ್ ಸೈನಿಕ ಈಸ್ಟ್ ಇಂಡಿಯಾ ಕಂಪನಿಯ ಪಡೆಯಲ್ಲಿದ್ದವನು. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಜಾತಿ ಕೇಳಿದಾಗ ‘ಬೆನೆ ಇಸ್ರೇಲ್’ ಅಂದನಂತೆ. ಕುರಾನಿನಲ್ಲಿ ಬರುವ ಜನರ ಹೆಸರಲ್ಲವೇ ಇದು ಎಂದು ಟಿಪ್ಪುವಿನ ತಾಯಿ ಅವನ ಜೀವ ಉಳಿಸಲು ಹೇಳಿದರಂತೆ. ಬದುಕಿ ಮನೆಗೆ ಮುಟ್ಟಿದರೆ ದೇವರಿಗೆ ಗುಡಿ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತವನು 1796ರಲ್ಲಿ ಮುಂಬೈನ ಮೊದಲ ಸಿನಗಾಗ್ ಕಟ್ಟಿಸಿದ. ತಾಯಿಯ ಮಾತು ಬಾಯಿಂದ ಬಾಯಿಗೆ ಬಂದ ಕಥೆ. ಸಿನಗಾಗ್ ಮಾತ್ರ ಕಣ್ಣೆದುರೇ ಇದೆ. ಮಾಂಡವಿಯ ಆ ರಸ್ತೆಗೆ ಇವತ್ತಿಗೂ ಅವನ ಹೆಸರು, ಸಾಮ್ಯುಯೆಲ್ ಸ್ಟ್ರೀಟ್. ಬೆನೆ ಇಸ್ರೇಲರು ತಮ್ಮ ಸಿನಗಾಗನ್ನು ‘ಮಸೀದ್’ ಎಂದೇ ಕರೆಯುತ್ತಿದ್ದರು, ಇದು ‘ಜುನಿ ಮಸೀದ್’, ಅಂದರೆ ಹಳೆಯ ಮಸೀದ್, ಸ್ಟೇಷನ್ನಿಗೆ ಹೆಸರು ಬಂದದ್ದು ಇದರಿಂದಲೇ ಅಂದರು ಗೈಡ್.

ಮೈಸೂರು ಸೀಮೆಯಲ್ಲಿ ಹುಟ್ಟಿದವನು ನಾನು. ನಮ್ಮ ಕಡೆಯ ಸೆರೆಯಲ್ಲಿ ಹೊತ್ತ ಹರಕೆಯೊಂದು ನಾನು ದಿನಾ ದಾಟುವ ಸ್ಟೇಷನ್ನಿನ ಪಕ್ಕ ಕಟ್ಟಡವಾಗಿ ನಿಂತಿದೆ ಅಂತ ಕೇಳಿ ಮೈ ಝುಂ ಅಂದಿತು. ಅಷ್ಟರಲ್ಲಿ ಬಸ್ಸಿನವನ ಹಾರ್ನ್. ಗೈಡ್ ಮುಖ ಸಪ್ಪಗಾಯಿತು.

ಬಸ್ಸಿನಲ್ಲಿ ಅವರ ಪಕ್ಕ ಕೂತು ಮಾತಾಡಿಸಿದೆ. ಮಾತು ಅಡುಗೆಗೆ ಬಂತು. ಮಾಂಸದ ಜೊತೆ ಹಾಲು ಸೇರಿಸುವಂತಿಲ್ಲ, ಅದಕ್ಕೇ ಎಲ್ಲಕ್ಕೂ ತೆಂಗಿನ ಹಾಲು. ಯಹೂದಿ ಹೊಸ ವರ್ಷಕ್ಕೆ ಗೋಧಿ ಹಾಲು, ತೆಂಗಿನ ಹಾಲು ಹಾಕಿ ಕೈ ಬಿಡದೆ ಮಗುಚಿ ಮಾಡುವ ಹಲ್ವಾ. ಕೇಳುತ್ತಾ ಹೋದಂತೆ ಅಮ್ಮ ಮಾಡುತ್ತಿದ್ದ ಹಾಲುಬಾಯಿ ಕಣ್ಣಮುಂದೆ ಬಂತು. ಹರಕೆ ತೀರಿದಾಗ ಮಾಡುವ ಮಲೀದಾಗೆ ಅವಲಕ್ಕಿ, ಬೆಲ್ಲ, ಕಾಯಿತುರಿ.

“ಇಲ್ಲಿ ನಿಮಗೆ ಯಾರೂ ತೊಂದರೆ ಕೊಡಲಿಲ್ಲ, ಮತ್ತೆ ಯಾಕೆ ಹೋದರು?” ಅಂತ ಕೇಳಿಯೇಬಿಟ್ಟೆ. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋದರು, ಇಡೀ ದೇಶದಲ್ಲಿ ಈಗ ಉಳಿದಿರುವುದು ನಾಲ್ಕೈದು ಸಾವಿರ ಯಹೂದಿಗಳು. “ತೊಂದರೆ ಆದವರು ಮಾತ್ರ ಊರು ಬಿಡ್ತಾರಾ? ನೀವ್ಯಾಕೆ ಮುಂಬೈಗೆ ಬಂದ್ರಿ?” ಅಂದರು. ಅವರ ಮೊಮ್ಮಗಳು ಇಸ್ರೇಲಿನಲ್ಲೇ ಹುಟ್ಟಿದವಳು, ಫೋನಿನಲ್ಲಿ ಅಜ್ಜಿಯ ಮರಾಠಿ ಅರ್ಥವಾಗುತ್ತದೆ, ಉತ್ತರ ಹೀಬ್ರೂವಿನಲ್ಲಿ. ನನ್ನ ಮಗಳ ಕನ್ನಡದ ಕಥೆಯೂ ಇಷ್ಟೇ.

ಟೂರ್ ನಡೆಸುವವರಿಗೆ ಪತ್ರ ಬರೆದಿದ್ದೇನೆ: ಡಾಕಿನ ಭೇಟಿ ಬಿಡಿ, ಸಾಮ್ಯುಯೆಲ್ ಸ್ಟ್ರೀಟಿಗೆ ಒಂದು ಗಂಟೆ ಕೊಡಿ. ಅವರು ಕೇಳದಿದ್ದರೂ ಮುಂಬೈ ಕನ್ನಡಿಗರೇ, ನೀವೇ ಮಸ್ಜಿದ್‌ನಲ್ಲಿ ಇಳಿದು ನಡೆದುಕೊಂಡು ಹೋಗಿ. ಮೊದಲೇ ವಿಚಾರಿಸಿಕೊಳ್ಳಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ನೋಡಲಿಕ್ಕೆ ಅಂತ ಶನಿವಾರ ಹೋಗಬೇಡಿ, ಅವತ್ತು ಅವರ ಗಾಣ ನಿಲ್ಲುವ ದಿನ.