ಐದು ವಾಟಿನ ರಗಳೆ

ಮನೆಗೆ ಆ ಡಬ್ಬ ಬಂದ ಸಂಜೆ ಮಾವ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ವಾಟು, ಅಳಿಯಂದ್ರೇ?"

"ಐದು, ಮಾವ."

ಅವರು ಡಬ್ಬವನ್ನೊಮ್ಮೆ ನೋಡಿದರು, ತಲೆಯ ಮೇಲೆ ಉರಿಯುತ್ತಿದ್ದ ಎಲ್‌ಇಡಿ ಬಲ್ಬನ್ನೊಮ್ಮೆ ನೋಡಿದರು. "ಅದು ಒಂಬತ್ತು" ಅಂದು, ಪೇಪರ್ ಮಡಿಸಿಟ್ಟು ಊಟಕ್ಕೆ ಎದ್ದರು.

ಹಾಗೆ ಹೇಳುವ ಹಕ್ಕು ಅವರಿಗಿದೆ. ಜಾಲಹಳ್ಳಿಯ ಬಿಇಎಲ್‌ನಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ 1961ರಿಂದಲೇ ರೇಡಿಯೊ ವಾಲ್ವ್, ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚೆ ದನಿ ಹಿಗ್ಗಿಸುತ್ತಿದ್ದ ಗಾಜಿನ ಬುರುಡೆ, ತಯಾರಾಗುತ್ತಿತ್ತು. ಮಾವನ ಸರ್ವೀಸಿನ ಮೊದಲ ವರ್ಷಗಳು ಕಳೆದದ್ದು ಅದೇ ವಿಭಾಗದಲ್ಲಿ. ನಾನು "ಟ್ಯೂಬ್ ಆ್ಯಂಪ್" ಅಂದಾಗಲೆಲ್ಲ "ಟ್ಯೂಬು ಸೈಕಲ್ಲಿಗೆ, ಇದು ವಾಲ್ವ್" ಅಂತ ತಿದ್ದುತ್ತಾರೆ. ಸೈಕಲ್ ಟ್ಯೂಬಿಗೂ ವಾಲ್ವ್ ಇರುತ್ತಲ್ಲ ಅಂತ ಕೇಳುವಷ್ಟು ಸಲುಗೆ ಮದುವೆಯಾಗಿ ಹನ್ನೆರಡು ವರ್ಷವಾದರೂ ಬಂದಿಲ್ಲ.

ಡಬ್ಬ ಅಂದರೆ ಗಿಟಾರ್ ಆ್ಯಂಪ್ಲಿಫೈಯರ್. ಜರ್ಮನಿಗೆ ಹೊರಟಿದ್ದ ಆಫೀಸಿನ ಹುಡುಗನೊಬ್ಬ ಒಂಬತ್ತು ಸಾವಿರಕ್ಕೆ ಕೊಟ್ಟು ಹೋದದ್ದು. ಒಳಗೆ 12ಎಎಕ್ಸ್7, ಇಎಲ್84 ಎಂಬ ಎರಡು ವಾಲ್ವ್, ಎಂಟಿಂಚಿನ ಒಂದು ಸ್ಪೀಕರ್. ಹೊರಗೆ ವಾಲ್ಯೂಮಿನ ಒಂದೇ ಒಂದು ತಿರುಗುಣಿ. ಬಾಸ್ ಇಲ್ಲ, ಟ್ರೆಬಲ್ ಇಲ್ಲ. ನನಗೆ ಗೊತ್ತಿರುವ ಸ್ವರಮೇಳಗಳೂ ಮೂರೇ ಆದ್ದರಿಂದ ಜೋಡಿ ಸರಿಯಾಗಿಯೇ ಇತ್ತು.

ಐದು ವಾಟು ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಕಿವಿಯ ಲೆಕ್ಕ ಬೇರೆ. ಸದ್ದು ಎರಡರಷ್ಟು ಅನ್ನಿಸಬೇಕಾದರೆ ವಾಟು ಹೆಚ್ಚುಕಡಿಮೆ ಹತ್ತು ಪಟ್ಟಾಗಬೇಕು. ಅಂದರೆ ಐವತ್ತು ವಾಟಿನ ದೊಡ್ಡಣ್ಣ ನನ್ನ ಐದು ವಾಟಿನ ತಮ್ಮನಿಗಿಂತ ಬರೀ ಎರಡು ಪಾಲು ಜೋರಾಗಿ ಕೂಗುತ್ತಾನೆ. ಇದಕ್ಕೆ ಬೇಕಾದ ಸಾಕ್ಷಿ ಕೆಳಗಿನ ಮನೆಯಲ್ಲಿದೆ. ವಾಲ್ವ್ ಆ್ಯಂಪಿನ ಸೊಗಸೇ ಅದನ್ನು ದಣಿಸಿದಾಗ ಬರುವ ಸೀಳುದನಿ. ಅದಕ್ಕಾಗಿ ತಿರುಗುಣಿಯನ್ನು ಮುಕ್ಕಾಲರ ಆಚೆ ಒಯ್ಯಬೇಕು. ಅಲ್ಲಿಗೆ ಒಯ್ದ ಮೊದಲ ದಿನವೇ ಕೆಳಗಿನ ಮನೆಯವರು ಮೇಲೆ ಬಂದು, "ಬೋರ್‌ವೆಲ್ ಕೊರೆಸ್ತಿದ್ದೀರಾ ಸಾರ್, ಎರಡನೇ ಮಹಡೀಲಿ?" ಅಂದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಅದಕ್ಕೊಂದು ಗುಂಯ್ ಎನ್ನುವ ಕಾಯಿಲೆ ಇತ್ತು. ಗಿಟಾರ್ ಸಿಕ್ಕಿಸದಿದ್ದರೂ, ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಒಂದೇ ಸಮನೆ ಗುಂಯ್. ಹೆಂಡತಿ ಅಡುಗೆಮನೆಯಿಂದ, "ರೀ, ಫ್ರಿಜ್ಜು ಮತ್ತೆ ಕೆಟ್ಟಿತಾ?" ಅಂತ ಕೂಗಿದಳು. ಅವಳು ಚಿಕ್ಕಂದಿನಲ್ಲಿ ಸಂಗೀತ ಕಲಿತವಳು. ಎರಡನೇ ದಿನಕ್ಕೆ ಆ ಗುಂಯ್‌ಗೆ ಷಡ್ಜ ಹಿಡಿದು ಹಾಡಿಕೊಳ್ಳುತ್ತಾ ಚಪಾತಿ ಒತ್ತತೊಡಗಿದಳು. "ಪರವಾಗಿಲ್ಲ, ತಂಬೂರಿ ಖರ್ಚು ಉಳೀತು" ಅಂದಳು. ನನ್ನ ಒಂಬತ್ತು ಸಾವಿರದ ಬಗ್ಗೆ ಅವಳು ಹೇಳಿದ ಏಕೈಕ ಒಳ್ಳೆಯ ಮಾತು ಅದು.

ಮಾವ ಕಣ್ಣು ಮುಚ್ಚಿ ಕೇಳಿ, ನಾಡಿ ಹಿಡಿದ ಪಂಡಿತರಂತೆ ಹೇಳಿದರು: "ಎರಡು ದನಿ ಇದೆ. ಕೆಳಗಿಂದು ಐವತ್ತು, ಮೇಲಿಂದು ನೂರು. ಐವತ್ತು ಬರ್ತಿರೋದು ಹೀಟರಿಂದ. ನೂರು ಬರ್ತಿರೋದು ಕಂಡೆನ್ಸರ್ ಸೋತಿದೆ ಅಂತ." ನಮ್ಮ ಗೋಡೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಓಲಾಡುತ್ತೆ. ವಾಲ್ವಿನ ಹೊಟ್ಟೆಯಲ್ಲಿ ಕೆಂಪಗೆ ಉರಿಯುವ ಹೀಟರ್ ತಂತಿಗೆ 6.3 ವೋಲ್ಟಿನ ರೂಪದಲ್ಲಿ ಅದೇ ಓಲಾಟ ಹೋಗುತ್ತೆ. ಡಿಸಿ ಮಾಡುವ ಕಡೆ ಅಲೆಯ ಎರಡೂ ಮಗ್ಗುಲನ್ನು ಬಳಸುವುದರಿಂದ ಅಲ್ಲಿ ಉಳಿದ ಕಸರು ನೂರು. ಕಂಡೆನ್ಸರ್ ಅಂದರೆ ನೀವು, ನಾವು ಕೆಪಾಸಿಟರ್ ಅನ್ನುವುದೇ. ಅರವತ್ತು ದಾಟಿದವರ ಬಾಯಲ್ಲಿ ಅದು ಇವತ್ತಿಗೂ ಕಂಡೆನ್ಸರ್.

ಹೀಟರಿನ ಗುಂಯ್‌ಗೆ ಔಷಧಿ ಸುಲಭ. ಅದಕ್ಕೆ ಕರೆಂಟು ಒಯ್ಯುವ ಎರಡು ತಂತಿಯನ್ನು ಬಿಗಿಯಾಗಿ ಹೊಸೆದರೆ ಒಂದರ ಸುತ್ತಣ ಕಾಂತಕ್ಷೇತ್ರವನ್ನು ಇನ್ನೊಂದು ಹೊಡೆದುಹಾಕುತ್ತೆ. ನಾನು ಹೊಸೆದದ್ದು ಮಳೆಯಲ್ಲಿ ನೆಂದ ಜಡೆಯ ಹಾಗಿತ್ತು. ಅತ್ತೆ ನೋಡುವಷ್ಟು ನೋಡಿ, "ಕೊಡಿ ಇಲ್ಲಿ" ಅಂತ ಕಿತ್ತುಕೊಂಡು, ತೊಡೆಯ ಮೇಲಿಟ್ಟು ಅಂಗೈಯಿಂದ ಎರಡೇ ಎಳೆತಕ್ಕೆ ದೀಪದ ಬತ್ತಿ ಹೊಸೆದಂತೆ ಹೊಸೆದುಕೊಟ್ಟರು. ಅಷ್ಟು ಒಪ್ಪವಾದ ಹೀಟರ್ ವೈರಿಂಗ್ ನಾನು ಫೋಟೊಗಳಲ್ಲೂ ನೋಡಿಲ್ಲ. "ಇನ್ನೊಂದು ಲಕ್ಷ ಬೇಕಾ?" ಅಂದರು, ಕಾರ್ತೀಕ ಹತ್ತಿರವಿತ್ತು.

ಬಿಡಿಭಾಗಕ್ಕೆ ಎಸ್.ಪಿ. ರೋಡಿಗೆ ಹೋದೆ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಹುಚ್ಚು ಹತ್ತಿದ ಯಾರೇ ಆಗಲಿ ಒಂದಲ್ಲ ಒಂದು ದಿನ ಆ ಗಲ್ಲಿಯಲ್ಲಿ ತಳ್ಳುಗಾಡಿಗೂ ಸ್ಕೂಟರಿಗೂ ನಡುವೆ ಸಿಕ್ಕಿಕೊಳ್ಳಲೇಬೇಕು.

"ಪಾಯಿಂಟ್ ಝೀರೊ ಟೂ ಟೂ ಕಂಡೆನ್ಸರ್ ಇದೆಯಾ?" ಮಾವನ ಜೊತೆಗಿದ್ದು ನನ್ನ ಬಾಯಿಗೂ ಕಂಡೆನ್ಸರ್ ಬಂದಿತ್ತು.

"ಫ್ಯಾನಿಂದಾ, ಮೋಟರಿಂದಾ?"

"ಗಿಟಾರಿಂದು."

ಹುಡುಗ ಮೊಬೈಲಿಂದ ತಲೆ ಎತ್ತಿದ. "ಗಿಟಾರಿಗೂ ಕಂಡೆನ್ಸರ್ ಬಂತಾ ಸಾರ್?" ಎಂದು ಒಳಗೆ ಹೋಗಿ, 22 ಮೈಕ್ರೊಫ್ಯಾರಡ್ಡಿನ ಹೆಬ್ಬೆರಳು ಗಾತ್ರದ್ದೊಂದನ್ನು ತಂದಿಟ್ಟ. ನಾನು ಕೇಳಿದ್ದಕ್ಕಿಂತ ಸಾವಿರ ಪಟ್ಟು ದೊಡ್ಡದು. ಮೇಲೆ 223 ಅಂತ ಬರೆದಿರುವ ಕಡಲೆಬೀಜದಂಥದ್ದು ಬೇಕು ಅಂದೆ. ಅದೂ ಸಿಕ್ಕಿತು. ಹೀಟರಿಗೆ ನೂರು ಓಮಿನ ಎರಡು ರೆಸಿಸ್ಟರ್ ಕೇಳಿದರೆ "ಬಿಡಿ ಕೊಡಲ್ಲ ಸಾರ್, ನೂರರ ಪ್ಯಾಕೆಟ್ಟು" ಅಂದ. ಉಳಿದ ತೊಂಬತ್ತೆಂಟು ಈಗಲೂ ನಮ್ಮ ಅಡುಗೆಮನೆಯ ಖಾಲಿ ಸಾಸಿವೆ ಡಬ್ಬಿಯಲ್ಲಿವೆ. ಒಗ್ಗರಣೆಗೆ ಬೀಳುವುದು ಒಮ್ಮೆ ಕೂದಲೆಳೆಯಲ್ಲಿ ತಪ್ಪಿತು.

ಇನ್ನು ಧೈರ್ಯದ ಅಧ್ಯಾಯ. ಐದು ವಾಟಿನದಾದರೂ ಒಳಗೆ ಮುನ್ನೂರು ವೋಲ್ಟ್ ಓಡಾಡುತ್ತೆ. ಪ್ಲಗ್ ಕಿತ್ತ ಮೇಲೂ ಡಿಸಿಯ ಕಸರು ಸೋಸುವ ಫಿಲ್ಟರ್ ಕಂಡೆನ್ಸರ್ ಆ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುತ್ತೆ. ಅದಕ್ಕೇ ವಾಲ್ವ್ ರಿಪೇರಿಯವರದೊಂದು ಹಳೆಯ ನಿಯಮ: ಒಂದು ಕೈಯಲ್ಲಿ ಕೆಲಸ ಮಾಡು, ಇನ್ನೊಂದು ಕೈ ಜೇಬಿನಲ್ಲಿರಲಿ. ಎರಡೂ ಕೈ ತಗುಲಿದರೆ ಕರೆಂಟು ಎದೆಯ ಮೂಲಕ ದಾಟುತ್ತೆ. ನಿಯಮ ನನಗೆ ಬಾಯಿಪಾಠವಿತ್ತು. ಆದರೆ ಭಾನುವಾರ ಬೆಳಿಗ್ಗೆ ನಾನು ಉಟ್ಟಿದ್ದು ಲುಂಗಿ. ಲುಂಗಿಗೆ ಜೇಬೆಲ್ಲಿ? ಎಡಗೈಯನ್ನು ಎಲ್ಲಿಡುವುದೆಂದು ತಿಳಿಯದೆ ಸೊಂಟದ ಗಂಟನ್ನು ಹಿಡಿದುಕೊಂಡು ಕೂತೆ. ಬಲಗೈಯ ಸ್ಕ್ರೂಡ್ರೈವರ್ ಜಾರಿ ಕಂಡೆನ್ಸರಿನ ಕಾಲಿನಿಂದ ಷಾಸಿಗೆ, ಅಂದರೆ ಲೋಹದ ಚೌಕಟ್ಟಿಗೆ ತಾಗಿತು. ಪಟ್ ಅಂತ ನೀಲಿ ಕಿಡಿ. ಸ್ಕ್ರೂಡ್ರೈವರಿನ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಗುಳಿ. ನನಗೆ ಏನೂ ಆಗಲಿಲ್ಲ. ಆದರೆ ಬೆಚ್ಚಿ ಎದ್ದಾಗ ಎಡಗೈ ತಾನು ಹಿಡಿದಿದ್ದನ್ನು ಬಿಟ್ಟಿತ್ತು. ಅತ್ತೆ ಪುಣ್ಯಕ್ಕೆ ಆ ಹೊತ್ತಿಗೆ ದೇವರಮನೆಯಲ್ಲಿದ್ದರು.

ಅವತ್ತಿನಿಂದ ಮಾವ ಎರಡು ಷರತ್ತು ಹಾಕಿದರು. ಒಂದು, ಪ್ಯಾಂಟು. ಎರಡು, ಸೀರೀಸ್ ಲ್ಯಾಂಪು. ಹೊಸದಾಗಿ ಕೈಯಾಡಿಸಿದ ಯಾವ ಯಂತ್ರವನ್ನೂ ನೇರ ಗೋಡೆಗೆ ಸಿಕ್ಕಿಸಬಾರದು. ನಡುವೆ ಅರವತ್ತು ವಾಟಿನ ಹಳೆಯ ತಂತಿ ಬಲ್ಬು ಇರಬೇಕು. ಎಲ್ಲ ಸರಿಯಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತೆ. ಒಳಗೆಲ್ಲೋ ಷಾರ್ಟಾಗಿದ್ದರೆ ಪೂರ್ತಿ ಉರಿಯುತ್ತೆ. ನಾನು ಹೊಸ ಫಿಲ್ಟರ್ ಕಂಡೆನ್ಸರ್ ಕೂರಿಸಿ ಸ್ವಿಚ್ ಒತ್ತಿದೆ. ಬಲ್ಬು ಮದುವೆಮನೆಯ ಹಾಗೆ ಉರಿಯಿತು. ಮಾವ ಆರಾಮಾಗಿ ಸ್ವಿಚ್ ಆರಿಸಿ, ಕನ್ನಡಕ ಏರಿಸಿ ಒಳಗೆ ಬಗ್ಗಿದರು. "ಪ್ಲಸ್ಸು ಮೈನಸ್ಸು ಅದಲುಬದಲು. ಅಳಿಯಂದ್ರು ಏನು ಓದಿದ್ದು?" ಪ್ರಶ್ನೆ ಕೇಳಿದ್ದು ಮಗಳನ್ನು.

"ಎಂ.ಟೆಕ್ ಅಪ್ಪ."

"ಹ್ಞೂ" ಅಂದರು. ಅದಕ್ಕೆ ಮೂರು ಅರ್ಥ ಮಾಡಬಹುದು, ಮೂರೂ ನನಗೆ ಒಳ್ಳೆಯದಲ್ಲ.

ನಡುವೆ, ವಾಲ್ವಿನ ದನಿಯನ್ನು ಸ್ಪೀಕರಿಗೆ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದನ್ನು ಸುತ್ತಿಸಿದ ಕತೆಯೂ ಇದೆ. ದೊಡ್ಡದಾದಷ್ಟೂ ದನಿ ತುಂಬಿಕೊಳ್ಳುತ್ತದೆ ಅಂತ ಎಲ್ಲೋ ಓದಿ, ಸುತ್ತುವವರಿಗೆ "ದೊಡ್ಡದೇ ಇರಲಿ" ಅಂದುಬಿಟ್ಟೆ. ಅವರು ಸ್ಟೆಬಿಲೈಸರಿಗೆ ಸುತ್ತುವ ಕೈಯವರು, ದೊಡ್ಡದಾಗಿಯೇ ಸುತ್ತಿದರು. ಆ್ಯಂಪಿನೊಳಗೆ ಹಿಡಿಸಲಿಲ್ಲ. ಈಗ ಅದು ಬಾಲ್ಕನಿ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುತ್ತಿದೆ, ಆ ಕೆಲಸವನ್ನು ಮಾತ್ರ ನಿಷ್ಠೆಯಿಂದ ಮಾಡುತ್ತಿದೆ.

ಗುಂಯ್ ಹೋಯಿತು. ನಿಜವಾಗಿಯೂ ಹೋಯಿತು. ಷಡ್ಜ ಎಲ್ಲಿ ಅಂತ ಹೆಂಡತಿ ಕೇಳಿದಳು. ಅಲ್ಲಿಗೆ ಸುಮ್ಮನಿದ್ದರೆ ನಾನು ನಾನಲ್ಲ. ಗಿಟಾರ್ ತಂತಿ ಸಿಕ್ಕಿಸುವ ಜಾಗಕ್ಕೂ ಮೊದಲ ವಾಲ್ವಿಗೆ ದನಿ ಒಳಹೋಗುವ ಗ್ರಿಡ್ಡಿಗೂ ನಡುವೆ 68 ಕಿಲೊಓಮಿನ ರೆಸಿಸ್ಟರ್ ಒಂದಿರುತ್ತೆ. ಅದನ್ನು ತೆಗೆದರೆ ಹಿಸ್ ಎನ್ನುವ ಸದ್ದು ಕಡಿಮೆಯಾಗಿ ದನಿ ಬೆಳಗುತ್ತದೆ ಎಂದು ಬಲ್ಲವರ ಮಾತು. ಕತ್ತರಿಸಿ ಬಿಸಾಕಿ, ತಂತಿಯ ತುಂಡು ಬೆಸೆದೆ. ಬೆಸುಗೆ ಸ್ವಲ್ಪ ಉಂಡೆಯಾಯಿತು, ಸಾಬಕ್ಕಿ ಸಂಡಿಗೆಯಂತೆ.

ಮಾರನೆಯ ಬೆಳಿಗ್ಗೆ ಗಿಟಾರ್ ಸಿಕ್ಕಿಸಿ, ಆ್ಯಂಪ್ ಹಚ್ಚಿ, ವಾಲ್ವ್ ಕಾಯಲಿ ಅಂತ ಹಲ್ಲುಜ್ಜಲು ಹೋದೆ. ಹಿಂದಿರುಗಿ ಬರುವಷ್ಟರಲ್ಲಿ ಆ್ಯಂಪಿನ ಮುಂದೆ ಮಾವ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಸ್ಪೀಕರಿನಿಂದ ಗಂಭೀರವಾದ ಹೆಣ್ಣುದನಿಯಲ್ಲಿ ಪ್ರದೇಶ ಸಮಾಚಾರ ಬರುತ್ತಿದೆ.

"ಶ್! ಮುಖ್ಯಾಂಶ" ಅಂದರು ಮಾವ.

ನನ್ನ ತಲೆಗೆ ಹೊಳೆಯಲು ಹೊತ್ತು ಹಿಡಿಯಿತು. ಆ ರೆಸಿಸ್ಟರು ಸುಮ್ಮನೆ ಕೂತಿರಲಿಲ್ಲ, ಬಾಗಿಲು ಕಾಯುತ್ತಿತ್ತು. ವಾಲ್ವಿನ ಒಳಗೇ ಇರುವ ಚೂರು ಕೆಪಾಸಿಟನ್ಸಿನ ಜೊತೆ ಸೇರಿ ರೇಡಿಯೊ ಅಲೆಗಳನ್ನು ಹೊರಗೆ ನಿಲ್ಲಿಸುತ್ತಿತ್ತು. ಅದು ಹೋದದ್ದೇ ಗಿಟಾರಿನ ಕೇಬಲ್ಲು ಆ್ಯಂಟೆನಾ ಆಯಿತು, 12ಎಎಕ್ಸ್7 ಅಲೆಯಿಂದ ಮಾತು ಹೆಕ್ಕುವ ಡಿಟೆಕ್ಟರ್ ಆಯಿತು, 612 ಕಿಲೊಹರ್ಟ್ಸಿನ ಆಕಾಶವಾಣಿ ಬೆಂಗಳೂರು ನೇರ ಹಾಲಿಗೆ ಬಂತು.

ಮುಂದಿನ ಹತ್ತು ದಿನ ಆ್ಯಂಪ್ ನನ್ನದಾಗಿರಲಿಲ್ಲ. ಬೆಳಿಗ್ಗೆ ಚಿಂತನ, ಸಂಜೆ ಕೃಷಿರಂಗ. ನಮಗೆ ಇರುವ ಕೃಷಿ ಬಾಲ್ಕನಿಯ ಎರಡು ಕುಂಡ, ಒಂದು ಕರಿಬೇವು. ಆದರೂ ತೆಂಗಿನ ನುಸಿರೋಗದ ಬಗ್ಗೆ ನನಗೀಗ ಒಂದು ಮಟ್ಟದ ಹಿಡಿತವಿದೆ. ಗಿಟಾರನ್ನು ದೇವರಮನೆಯ ಬಾಗಿಲಿಗೆ ಒರಗಿಸಿದರೆ ದನಿ ಸ್ಪಷ್ಟ ಎಂದು ಮಾವ ಕಂಡುಹಿಡಿದರು. "ಈಶಾನ್ಯ ಅಲ್ವಾ, ಮತ್ತೆ?" ಅಂದರು ಅತ್ತೆ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದ್ದನ್ನು, ಆ ನಿಲಯಕ್ಕೆ ಆಕಾಶವಾಣಿ ಅಂತ ಹೆಸರಾದದ್ದನ್ನು ಮಾವ ಮೂರು ಸಲ ಹೇಳಿದರು. "ಮೂವತ್ತು ವಾಟು! ಊರಿಗೇ ಕೇಳಿಸ್ತಿತ್ತು. ನಿಮ್ಮದು ಐದು ವಾಟು, ಕೆಳಗಿನ ಮನೆಯವರಿಗೆ ಮಾತ್ರ."

ಕೆಳಗಿನ ಮನೆಯವರೂ ಈಗ ದೂರುತ್ತಿರಲಿಲ್ಲ. ಒಂದು ಸಂಜೆ ಬಂದು, "ಸ್ವಲ್ಪ ಜೋರಿಡಿ ಸಾರ್, ಹವಾಮಾನ ಕೇಳಿಸಲಿಲ್ಲ" ಅಂದರು.

ನನಗೆ ತಡೆಯಲಾಗಲಿಲ್ಲ. ನಾನು ಜಿ ಸ್ವರಮೇಳ ಮೀಟಿದಾಗ ಅದರ ಅಡಿಯಲ್ಲಿ ಹೆಸರುಕಾಳಿನ ಧಾರಣೆ ಕೇಳಿಸಿದ ದಿನ ಎಸ್.ಪಿ. ರೋಡಿಗೆ ಹೋಗಿ 68 ಕಿಲೊಓಮಿನ ಪ್ಯಾಕೆಟ್ ತಂದು, ಒಂದನ್ನು ಬೆಸೆದುಬಿಟ್ಟೆ. ಆಕಾಶವಾಣಿ ನಿಂತಿತು. ಬೆಳಿಗ್ಗೆ ಮಾವ ಆ್ಯಂಪ್ ಹಚ್ಚಿ, ಕುರ್ಚಿ ಎಳೆದುಕೊಂಡು, ಗಿಟಾರನ್ನು ಈಶಾನ್ಯಕ್ಕೆ ಒರಗಿಸಿ ಕಾದರು. ಏನೂ ಬರಲಿಲ್ಲ. "ರಿಪೇರಿ ಆಯ್ತು ಅನ್ನಿ" ಅಂದು ಕಾಫಿ ಲೋಟ ಹಿಡಿದು ಬಾಲ್ಕನಿಗೆ ಹೋದರು. ಮೊಬೈಲಿನಲ್ಲೇ ರೇಡಿಯೊ ಹಾಕಿಕೊಡುತ್ತೇನೆ ಅಂದೆ. "ಅದರಲ್ಲಿ ಏನಿದೆ?" ಅಂದರು. ಮಾತು ನಿಜ, ಅದರಲ್ಲಿ ಕೆಂಪಗೆ ಉರಿಯುವಂಥದ್ದೇನೂ ಇಲ್ಲ.

ಶನಿವಾರ ಆಫೀಸಿನಿಂದ ಬಂದಾಗ ಮನೆಯಲ್ಲಿ ಬೆಸುಗೆಯ ರಾಳದ ಘಮ. ಆ್ಯಂಪಿನ ಹಿಂಬದಿಯಲ್ಲಿ, ನಾನು ಕೊರೆಯದ ರಂಧ್ರದಲ್ಲಿ, ನಾನು ತರದ ಪುಟ್ಟ ಸ್ವಿಚ್ಚೊಂದು ಕೂತಿತ್ತು. ಅದರ ಎರಡು ತಂತಿ ನನ್ನ 68 ಕಿಲೊಓಮಿನ ಎರಡು ಕಾಲಿಗೆ ಹೋಗಿದ್ದವು. ಮೇಲಕ್ಕೆ ಒತ್ತಿದರೆ ರೆಸಿಸ್ಟರ್ ಇದ್ದೂ ಇಲ್ಲ, ಕೆಳಕ್ಕೆ ಒತ್ತಿದರೆ ಉಂಟು. ಬಿಳಿ ಟೇಪಿನ ಮೇಲೆ ಕಾರ್ಖಾನೆಯ ದುಂಡು ಅಕ್ಷರ: ಮೇಲೆ 'ವಾರ್ತೆ', ಕೆಳಗೆ 'ಅಳಿಯ'.

ಒಳಗೆ ಟಾರ್ಚ್ ಬಿಟ್ಟು ನೋಡಿದೆ. ನನ್ನ ಸಾಬಕ್ಕಿ ಸಂಡಿಗೆಗಳ ನಡುವೆ ಆ ಎರಡು ಬೆಸುಗೆ ಮಾತ್ರ ಮೂಗುಬೊಟ್ಟಿನ ಹಾಗೆ ಹೊಳೆಯುತ್ತಿದ್ದವು.