ಸೋಮಾರಿ ಟಾಮನ ಗೋಡೆ

ಗೋಡೆಗೆ ದೇವರ ಪಟ ಹಾಕಿದರೆ ಕೈಮುಗಿಯಬಹುದು, ಕ್ಯಾಲೆಂಡರ್ ಹಾಕಿದರೆ ತಾರೀಕು ನೋಡಬಹುದು. ಬುದ್ಧಿವಾದವನ್ನೇ ಮೊಳೆ ಹೊಡೆದು ನೇತುಹಾಕಿದರೆ? ಲಂಡನ್ನಿನ ಅಚ್ಚುಚಿತ್ರಗಾರ ವಿಲಿಯಂ ಹೋಗಾರ್ತನಿಗೆ ಅದೇ ಕಸುಬು. 1732ರಲ್ಲಿ ದಾರಿ ತಪ್ಪಿದ ಹುಡುಗಿಯೊಬ್ಬಳ ಆರು ಚಿತ್ರಗಳಿಗೆ ಅವನು ಒಂದು ಗಿನಿ, ಅಂದರೆ 21 ಶಿಲಿಂಗ್ ಕೇಳಿದ್ದ. 1747ರ ‘ದುಡಿಮೆ ಮತ್ತು ಸೋಮಾರಿತನ’ದ 12 ಚಿತ್ರಗಳು ತಲಾ ಒಂದು ಶಿಲಿಂಗ್. ಇವು ಕೆಲಸ ಕಲಿಯುವ ಹುಡುಗರಿಗೆಂದು ಮಾಡಿದವು. ಆದ್ದರಿಂದ ನಯ ನಾಜೂಕು ಬಿಟ್ಟು ಅಚ್ಚೊತ್ತುವ ತಾಮ್ರದ ತಗಡಿನ ಮೇಲೆ ಗೆರೆಗಳನ್ನು ಸರಳವಾಗಿ ಕೊರೆದ.

ಮೊದಲ ಚಿತ್ರ ಆಗ ರೇಷ್ಮೆ ನೇಯುತ್ತಿದ್ದ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಕೇರಿಯದು. ಕೆಲಸ ಕಲಿಯುವ ಇಬ್ಬರು ಹುಡುಗರಲ್ಲಿ ಟಾಮ್ ಐಡಲ್ ನಿಂತಲ್ಲೇ ತೂಕಡಿಸುತ್ತಿದ್ದಾನೆ. ಮಗ್ಗದ ಮೇಲೆ ಬಿಯರ್ ಮಗ್ಗು, ಲಾಳಿ ಬೆಕ್ಕಿನ ಪಾಲು, ಕೆಲಸಗಾರನ ಕೈಪಿಡಿ ಹರಿದು ನೆಲದ ಪಾಲು. ಪಕ್ಕದಲ್ಲಿ ಫ್ರಾನ್ಸಿಸ್ ಗುಡ್‌ಚೈಲ್ಡ್ ತಲೆ ತಗ್ಗಿಸಿ ನೇಯುತ್ತಿದ್ದಾನೆ. ಬಾಗಿಲಲ್ಲಿ ಕೋಲು ಹಿಡಿದ ಯಜಮಾನ. ಹುಡುಗರಿಬ್ಬರೂ ಅಂಟಿಸಿಕೊಂಡ ಹಾಳೆಗಳನ್ನು ನೋಡಬೇಕು: ಟಾಮನ ಬಳಿ ಮಾಲ್ ಫ್ಲ್ಯಾಂಡರ್ಸ್ ಎಂಬ ಕಳ್ಳಿಯ ಲಾವಣಿ, ಗುಡ್‌ಚೈಲ್ಡನ ಬಳಿ ಲಂಡನ್ನಿನ ಲಾರ್ಡ್ ಮೇಯರ್ ಆದ ವಿಟಿಂಗ್ಟನ್ನನ ಕಥೆ. ಗೋಡೆಯ ಪಟದೊಳಗೆ ಮತ್ತೆ ಗೋಡೆಯ ಪಟ!

ಗುಡ್‌ಚೈಲ್ಡ್ ಕೊನೆಗೆ ಲಾರ್ಡ್ ಮೇಯರೇ ಆಗುತ್ತಾನೆ. ಆದರೆ ಅವನ ಪಾಲಿನ ಚಿತ್ರಗಳು ಉಪ್ಪಿಲ್ಲದ ಸಾರು. ಕಣ್ಣು ಓಡುವುದು 11ನೆಯದಕ್ಕೆ. ಲಂಡನ್ನಿನವರನ್ನು ಗಲ್ಲಿಗೇರಿಸುತ್ತಿದ್ದ ಟೈಬರ್ನ್‌ನಲ್ಲಿ ಜಾತ್ರೆಯಷ್ಟು ಜನ. ಟಾಮ್ ತನ್ನದೇ ಶವಪೆಟ್ಟಿಗೆಗೆ ಒರಗಿ ಗಾಡಿಯಲ್ಲಿ ಬರುತ್ತಿದ್ದಾನೆ. ಅವನಿನ್ನೂ ನೇಣುಗಂಬ ಮುಟ್ಟಿಲ್ಲ, ಮುಂದೆಯೇ ಒಬ್ಬಳು ಅವನ ‘ಕೊನೆಯ ಮಾತು’ಗಳ ಅಚ್ಚು ಹಾಳೆ ಕೂಗಿ ಮಾರುತ್ತಿದ್ದಾಳೆ. ಅಚ್ಚಿನ ವ್ಯಾಪಾರ ಹೋಗಾರ್ತನಿಗೆ ಹೊಸದೇ?

ಹಳೆಯ ಪ್ರತಿ ಸಿಕ್ಕರೆ ಮೊದಲು ಬೆಳಕಿಗೆ ಹಿಡಿಯಿರಿ. ಆಗಿನ ಕಾಗದದಲ್ಲಿ ತಂತಿ ಜಾಲರಿಯ ಗೆರೆಗಳು ಕಾಣುತ್ತವೆ; ಕಾಣದಿದ್ದರೆ ಅದು ಆಮೇಲಿನ ಅಚ್ಚು. ಸವೆದ ತಗಡಿನಿಂದ ತೆಗೆದದ್ದರಲ್ಲಿ ಸಣ್ಣ ಗೆರೆಗಳು ಬೂದು ಬೂದು. ಎಡ ಬಲ ಅದಲುಬದಲಾಗಿದ್ದರೆ ನಕಲಿಯ ಅನುಮಾನ ಬರಲಿ: ಚಿತ್ರ ನೋಡಿ ನೇರವಾಗಿ ತಗಡಿಗೆ ಕೊರೆದರೆ ಅಚ್ಚು ತಿರುಗಿ ಬೀಳುತ್ತದೆ. ಸುತ್ತ ತಗಡು ಒತ್ತಿದ ತಗ್ಗು ಇದ್ದರೆ ಅದನ್ನು ಕತ್ತರಿಸಬಾರದು.

ನೇತುಹಾಕುವಾಗ ಗಮ್ ಟೇಪ್ ಬೇಡವೇ ಬೇಡ, ಕಂದು ಕಲೆ ಖಂಡಿತ. ಮೇಲಂಚಿಗೆ ಮಾತ್ರ ಎರಡು ತುಂಡು ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು. ಕೆಳಗಂಚು ಬಿಡುವಾಗಿರಲಿ, ತೇವಕ್ಕೆ ಕಾಗದ ಹಿಗ್ಗಲು ಜಾಗ ಬೇಕು. ಗಾಜು ಕಾಗದಕ್ಕೆ ತಾಗಿದರೆ ಬೂಷ್ಟು ಹಿಡಿಯುತ್ತದೆ, ನಡುವೆ ಆಮ್ಲರಹಿತ ಮೌಂಟ್, ಅಂದರೆ ಚಿತ್ರದಳತೆಗೆ ಕಿಟಕಿ ಕೊರೆದ ರಟ್ಟು ಇರಬೇಕು. ಮೌಂಟ್ ಕೊರೆಯುವವನಿಗೆ ಒಂದು ಮಾತು ಮೊದಲೇ ಹೇಳಿಬಿಡಿ. ಚಿತ್ರದ ಸುತ್ತ ಹೋಗಾರ್ತ್ ತಾನೇ ಚೌಕಟ್ಟು ಕೊರೆದಿದ್ದಾನೆ, ಒಂದು ಬದಿ ಚಾಟಿ, ಬೇಡಿ, ನೇಣುಹಗ್ಗ, ಇನ್ನೊಂದು ಬದಿ ಅಧಿಕಾರದ ದಂಡ, ಕತ್ತಿ, ಸರ. ಹೇಳದಿದ್ದರೆ ಅಂಚು ಗಜಿಬಿಜಿ ಎಂದುಕೊಂಡು ಆತ ಹಗ್ಗವನ್ನೂ ಸರವನ್ನೂ ಒಟ್ಟಿಗೇ ಮುಚ್ಚಿಬಿಡುತ್ತಾನೆ.